ಬಾಣಂತಿಯನ್ನು ಕೇಳಬೇಕಾದ ಮಾತು

ಆ ಮನೆಯ ಹಿತ್ತಿಲ ಬಾವಿಯ ಬಾಯಿಗೆ ಗಾಡಿಯ ಹಳೆಯ ಚಕ್ರವೊಂದನ್ನು ಅಡ್ಡ ಮಲಗಿಸಿ ಮೇಲೆ ಮುಳ್ಳಿನ ಹೊರೆ ಹೇರಿದ್ದರು. ಕೊಡ ಇಳಿಸಲು ಕೂಡ ಜಾಗ ಬಿಟ್ಟಿರಲಿಲ್ಲ. ನಾನು ಹೋಗಿದ್ದು ಹೊಸ ಕೂಸಿನ ಹೊಕ್ಕುಳು ಒಣಗಿದೆಯೇ ಎಂದು ನೋಡಲು. ಕೈ ತೊಳೆಯೋಣವೆಂದು ಹಿತ್ತಿಲಿಗೆ ಬಂದವಳು ಇದನ್ನು ಕಂಡು ಬಾಣಂತಿಯ ತಾಯಿಯನ್ನು ಕೇಳಿದೆ: "ಯಾಕಮ್ಮ, ಬಾವಿ ಮುಚ್ಚಿಬಿಟ್ಟಿದ್ದೀರಿ?"

"ಮಕ್ಳು ಮರಿ ಬಿದ್ದೋದಾವು ಅಂತ ಕಣವ್ವ."

ಆ ಮನೆಯಲ್ಲಿ ನಡೆದಾಡುವ ವಯಸ್ಸಿನ ಮಗು ಒಂದೂ ಇರಲಿಲ್ಲ. ನಾನು ಅವರ ಮುಖ ನೋಡಿದೆ. ಅವರು ನನ್ನ ಕೈಗೆ ನೀರು ಹಾಕುತ್ತಲೇ ಮುಖವನ್ನು ಬೇರೆ ಕಡೆಗೆ ತಿರುಗಿಸಿಕೊಂಡರು.

ಅದು ತುರ್ತು ಪರಿಸ್ಥಿತಿಯ ಕಾಲ. ನಾನು ಮಳವಳ್ಳಿ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲೇಡಿ ಹೆಲ್ತ್ ವಿಸಿಟರ್ ಆಗಿದ್ದೆ. ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ನರ್ಸಮ್ಮ. ಬಸುರಿ ಬಾಣಂತಿಯರನ್ನು ಮನೆಗೇ ಹೋಗಿ ನೋಡುವುದು, ಕೂಸುಗಳಿಗೆ ಚುಚ್ಚುಮದ್ದು ಹಾಕುವುದು ನನ್ನ ಕೆಲಸ. ಆದರೆ ಆ ದಿನಗಳಲ್ಲಿ ನಮ್ಮ ಜೀಪಿನ ಸದ್ದು ಕೇಳಿದರೆ ಸಾಕು, ಗಂಡಸರು ಕಬ್ಬಿನ ಗದ್ದೆಯೊಳಗೆ ನುಗ್ಗಿ ಕೂತುಬಿಡುತ್ತಿದ್ದರು. ಸಂತಾನಹರಣದ ಆಪರೇಷನ್‌ಗೆ ಹಿಡಿದುಕೊಂಡು ಹೋಗಲು ಬಂದಿದ್ದಾರೆ ಎಂಬ ಭಯ. ಹಾಗಾಗಿ ನಾನು ಜೀಪಿನ ಆಸೆ ಬಿಟ್ಟು ಪೂರಿಗಾಲಿಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಹಳ್ಳಿಗಳಿಗೆ ನಡೆದೇ ಹೋಗುತ್ತಿದ್ದೆ. ನಡೆದು ಬಂದವಳನ್ನು ಜನ ಒಳಗೆ ಕರೆದು ಕೂರಿಸುತ್ತಿದ್ದರು.

ಬಾಣಂತಿಯ ಕೋಣೆಯಲ್ಲಿ ಸಾಂಬ್ರಾಣಿಯ ಹೊಗೆ ಇನ್ನೂ ಆಡುತ್ತಿತ್ತು. ಚೊಚ್ಚಲು ಹೆರಿಗೆಗೆಂದು ತವರಿಗೆ ಬಂದಿದ್ದ ಹುಡುಗಿ ಅವಳು. ಕೊಟ್ಟಿದ್ದು ಮಂಡ್ಯದ ಆಚೆಯ ಯಲಿಯೂರಿಗೆ. ಗಂಡ ಕರೆಂಟು ಲೈನ್‌ಮನ್. ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ಇಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು. ಮಗು ದೂರದ ಮೊರದಲ್ಲಿ ಮಲಗಿತ್ತು. ನಾನು ಎತ್ತಿಕೊಂಡು ಅವಳ ಮಡಿಲಿಗೆ ಕೊಡಲು ಹೋದರೆ ಕೈ ಚಾಚಲಿಲ್ಲ.

"ಅದು ನನ್ ಕೂಸಲ್ಲ," ಎಂದು ಪಿಸುಗುಟ್ಟಿದಳು. "ಬದ್ಲಾಯಿಸ್ಬುಟ್ಟವ್ರೆ. ನಿಮ್ಗೂ ಗೊತ್ತು. ಸುಮ್ಕೆ ನಾಟ್ಕ ಆಡ್ತಿದ್ದೀರಿ."

ಜ್ವರ ನೋಡಿದೆ, ಇರಲಿಲ್ಲ. ನಂಜಿನ ವಾಸನೆ ಇಲ್ಲ, ಹೊಟ್ಟೆ ಮೃದುವಾಗಿತ್ತು, ಮೊಲೆಯಲ್ಲಿ ಬಾವು ಇಲ್ಲ. ಹೆರಿಗೆಯ ನಂಜೇರಿ ಜ್ವರದಲ್ಲಿ ಕನವರಿಸುವವರನ್ನು ನಾನು ಕಂಡಿದ್ದೆ, ಇದು ಅದಲ್ಲ. ನಿದ್ದೆ ಮಾಡುತ್ತಾಳೆಯೇ ಎಂದು ಕೇಳಿದ್ದಕ್ಕೆ ತಾಯಿಯ ಕಣ್ಣಲ್ಲಿ ನೀರು ಬಂತು. ಹೆರಿಗೆಯಾದ ಮಾರನೆಯ ದಿನದಿಂದ ಅವಳು ರೆಪ್ಪೆ ಮುಚ್ಚಿರಲಿಲ್ಲ. ಹಿಂದಿನ ದಿನ ಬೆಳಕು ಹರಿಯುವಾಗ ಬಾವಿಯ ಕಟ್ಟೆ ಹತ್ತಿ ನಿಂತಿದ್ದಳು. ಹಸು ಕಟ್ಟಲು ಹೋದ ಅಪ್ಪ ಕಂಡು, ಓಡಿ ಬಂದು ಹಿಡಿದೆಳೆದಿದ್ದರು.

ಅಷ್ಟು ಹೇಳುವಷ್ಟರಲ್ಲಿ ಆ ಅಪ್ಪನೇ ಬಂದರು. ಊರಲ್ಲಿ ನಾಲ್ಕು ಜನ ಮಾತು ಕೇಳುವಂಥ ಗೌಡರು. ಹೊಸಿಲಲ್ಲೇ ನಿಂತು, "ಗಾಳಿ ಮೆಟ್ಕಂಡದೆ. ಅಮಾಸೆ ಕಳೀಲಿ, ಯಂತ್ರ ಕಟ್ಟುಸ್ತೀವಿ. ನೀವು ಕೂಸ್ ನೋಡಕ್ಕೆ ಬಂದ್ರಿ, ನೋಡುದ್ರಿ. ಇನ್ ಒಂಡಿ," ಎಂದರು.

"ಯಂತ್ರ ಕಟ್ಟಿಸಿ ಗೌಡರೇ, ಬೇಡ ಅನ್ನೋದಿಲ್ಲ. ನಾಳೆ ನಮ್ಮ ಡಾಕ್ಟರನ್ನೂ ಕರೆದುಕೊಂಡು ಬರ್ತೀನಿ. ಅವರೂ ಒಂದು ಸಲ ನೋಡಲಿ."

"ಜೀಪಲ್ಲಿ ಬಂದ್ರೆ ಊರೊಳಕ್ಕೆ ಬುಡಕಿಲ್ಲ."

"ಬಸ್ಸಲ್ಲೇ ಬರ್ತೀವಿ."

ನಮ್ಮ ಡಾಕ್ಟರು ಮೈಸೂರಿನವರು, ಇನ್ನೂ ಚಿಕ್ಕ ವಯಸ್ಸು. ಓದುವಾಗ ಕೆಲವು ವಾರ ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಕಲಿತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಮಾರನೆಯ ದಿನದ ಹೊರರೋಗಿಗಳನ್ನು ಬೇಗ ನೋಡಿ ಮುಗಿಸಿ ನನ್ನ ಜೊತೆ ಹೊರಟರು. ಹುಡುಗಿಯ ಎದುರು ನೆಲದ ಮೇಲೆ ಕೂತು ತುಂಬ ಹೊತ್ತು ಮಾತಾಡಿಸಿದರು. ಆಮೇಲೆ ಜಗಲಿಗೆ ಬಂದು ಗೌಡರ ಪಕ್ಕ ಕೂತರು.

"ಇದಕ್ಕೆ ನಿಮ್ಮ ಕಡೆ ಬಾಣಂತಿ ಸನ್ನಿ ಅಂತಾರಲ್ಲ ಯಜಮಾನ್ರೇ, ಅದೇ ಇದು. ಸಾವಿರ ಬಾಣಂತಿಯರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತೆ. ಅವಳ ತಪ್ಪಲ್ಲ, ನಿಮ್ಮ ಮನೆತನದ ತಪ್ಪೂ ಅಲ್ಲ. ವಾಸಿಯಾಗುವ ಕಾಯಿಲೆ. ಆದರೆ ವಾಸಿಯಾಗುವ ತನಕ ಅವಳ ಜೀವ ಅವಳ ಕೈಯಲ್ಲಿ ಭದ್ರ ಇಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋಗೋಣ."

ಗೌಡರು ಎದ್ದು ನಿಂತುಬಿಟ್ಟರು. "ಉಚ್ಚಾಸ್ಪತ್ರೆಗಾ? ಇನ್ನೊಬ್ಳು ಮಗ್ಳವ್ಳೆ ಸ್ವಾಮಿ ಮದ್ವೆಗೆ. ಅಕ್ಕ ಉಚ್ಚಾಸ್ಪತ್ರೆ ಮೆಟ್ಲು ಅತ್ತುದ್ಲು ಅಂದ್ರೆ ಅವ್ಳ ಯಾವ್ನ್ ಕಟ್ಕತಾನೆ? ಆಗಕಿಲ್ಲ, ಬುಡಿ."

ಡಾಕ್ಟರು ವಾದ ಮಾಡಲಿಲ್ಲ. ಒಂದು ಒಪ್ಪಂದ ಮುಂದಿಟ್ಟರು. ಮನೆಯಲ್ಲೇ ಮಾತ್ರೆ ಕೊಡುವುದು. ಹಗಲೂ ರಾತ್ರಿ ಯಾರಾದರೊಬ್ಬರು ಅವಳ ಕೈಗೆಟಕುವಷ್ಟು ಹತ್ತಿರ ಇರುವುದು. ಹಿತ್ತಿಲಿಗೆ ಹೋದರೂ ಜೊತೆಗೆ ಹೋಗುವುದು. ನಾನು ದಿನವೂ ಬಂದು ಮಾತ್ರೆ ನುಂಗಿದ್ದನ್ನು ಕಣ್ಣಾರೆ ನೋಡುವುದು. ಮಾತ್ರೆ ತೆಗೆದುಕೊಳ್ಳುವಷ್ಟು ಕಾಲ ಕೂಸಿಗೆ ಹಸುವಿನ ಹಾಲು. ಇಷ್ಟಾಗಿಯೂ ಹೆಚ್ಚಾದರೆ ಮಾತಿಲ್ಲದೆ ಬೆಂಗಳೂರು. ಗೌಡರು ಕೊನೆಯದಕ್ಕೆ ತಲೆ ಆಡಿಸಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಾವು ಅದನ್ನೇ ಒಪ್ಪಿಗೆ ಎಂದುಕೊಂಡೆವು.

ನಮ್ಮ ಕೇಂದ್ರದ ದಾಸ್ತಾನಿನಲ್ಲಿ ಆ ಮಾತ್ರೆ ಇರಲಿಲ್ಲ. ಡಾಕ್ಟರು ಮಂಡ್ಯಕ್ಕೆ ಹೋಗಿ ಕ್ಲೋರ್‌ಪ್ರೊಮಜೀನ್ ತಂದರು. ಜೊತೆಗೆ ಒಂದು ಇಂಜೆಕ್ಷನ್ ನನ್ನ ಚೀಲಕ್ಕೆ ಹಾಕಿ, "ಈ ಮಾತ್ರೆಗೆ ಕೆಲವರ ಕತ್ತು ಒಂದು ಕಡೆ ಸೆಟೆದುಕೊಳ್ಳುತ್ತೆ, ಕಣ್ಣು ಮೇಲೆ ಹೋಗುತ್ತೆ. ನೋಡಿದರೆ ಭಯವಾಗುತ್ತೆ, ಜೀವಕ್ಕೇನೂ ಆಗಲ್ಲ. ಆಗ ಇದನ್ನು ಕೊಡಿ," ಎಂದರು. ಅದು ಪ್ರೊಮೆಥಜೀನ್.

ಮಾತ್ರೆ ಶುರುವಾಗಿ ಅವಳಿಗೆ ನಿದ್ದೆ ಹತ್ತಿತು. ಮನೆಯವರೂ ಅವಳ ಜೊತೆ ಮಲಗಿ ಎದ್ದರು. ಆ ಭಾನುವಾರ ಗಂಡ ತನ್ನ ತಾಯಿಯ ಜೊತೆ ಬಂದ. ಅತ್ತೆ ಕೋಣೆಯ ಬಾಗಿಲಲ್ಲಿ ನಿಂತು ಸೊಸೆಯ ಮುಖವನ್ನು ಒಂದೇ ಸಮ ನೋಡಿದರು. ಕೂಸನ್ನು ಎತ್ತಿ ಸೆರಗಲ್ಲಿ ಸುತ್ತಿಕೊಂಡು, "ಇದ ನಾನ್ ಸಾಕ್ತೀನಿ," ಎಂದು ಹೇಳಿ ಹೊರಟೇಬಿಟ್ಟರು. ಬೀಗರು ಅಡ್ಡ ಬರಲಿಲ್ಲ. ಮಾರನೆಯ ದಿನ ಹುಡುಗಿಯ ತಾಯಿ ನನಗೆ ಇದನ್ನು ಹೇಳಿ, "ಎಂಥ ಕಲ್ಲೆದೆ ನೋಡಿ," ಎಂದು ಅತ್ತರು. ನನಗೂ ಹಾಗೇ ಅನ್ನಿಸಿತು.

ಆ ವಾರವೇ ಡಾಕ್ಟರು ಹೇಳಿದ್ದು ನಡೆಯಿತು. ಮಧ್ಯಾಹ್ನ ನಾನು ಊರೊಳಗೆ ಕಾಲಿಡುವಾಗಲೇ ಆ ಮನೆ ಮುಂದೆ ಜನ ಸೇರಿದ್ದರು. ಹುಡುಗಿ ನಡುಮನೆಯಲ್ಲಿ ಬಿದ್ದಿದ್ದಳು. ಕತ್ತು ಬೆನ್ನ ಕಡೆಗೆ ತಿರುಚಿಕೊಂಡಿತ್ತು, ಕಣ್ಣುಗುಡ್ಡೆ ಮೇಲೇರಿತ್ತು, ನಾಲಿಗೆ ದಪ್ಪಗಾಗಿ ಮಾತು ಹೊರಡುತ್ತಿರಲಿಲ್ಲ. ಯಾರೋ ಬೇವಿನ ಸೊಪ್ಪು ತಂದಿದ್ದರು. ಗೌಡರು ಮಾತ್ರೆಯ ಪೊಟ್ಟಣವನ್ನು ತಿಪ್ಪೆಗೆ ಎಸೆದು ಬಂದು ನನ್ನ ಮುಂದೆ ನಿಂತರು. "ನೋಡಿ ಏನ್ ಮಾಡ್ಬುಟ್ರಿ!"

ನಾನು ಚೀಲ ಬಿಚ್ಚಿದೆ. ಒಲೆಯ ಮೇಲೆ ಸಿರಿಂಜು ಕುದಿಯಲು ಇಟ್ಟೆ. ಕುದಿಯುವಷ್ಟು ಹೊತ್ತೂ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಏನೂ ಆಗಲ್ಲ ಕಣಮ್ಮ, ಇದು ಮಾತ್ರೆಯಿಂದ ಆಗಿರೋದು, ಈಗ ಹೋಗುತ್ತೆ," ಎಂದು ಅವಳಿಗೂ ಅಲ್ಲಿದ್ದವರಿಗೂ ಕೇಳುವಂತೆ ಹೇಳುತ್ತಿದ್ದೆ. ಇಂಜೆಕ್ಷನ್ ಕೊಟ್ಟು ಕಾದೆವು. ಬೇವಿನ ಸೊಪ್ಪು ಹಿಡಿದವನೂ ಕಾದ. ಮೊದಲು ಕಣ್ಣು ಇಳಿಯಿತು. ಆಮೇಲೆ ಕತ್ತು, ಗಂಟು ಸಡಿಲವಾದ ಹಗ್ಗದ ಹಾಗೆ, ಸ್ವಲ್ಪ ಸ್ವಲ್ಪವೇ ನೆಟ್ಟಗಾಯಿತು. ಅವಳು ನೀರು ಕೇಳಿದಳು.

"ಗಾಳಿ ಬುಡ್ತು," ಎಂದು ಗುಂಪಿನಲ್ಲಿ ಯಾರೋ ಅಂದರು.

"ಗಾಳಿ ಅಲ್ಲಪ್ಪ. ಮಾತ್ರೆಯ ತೊಂದರೆ, ಅದಕ್ಕೆ ಇದು ಮದ್ದು."

ಗೌಡರು ನನ್ನನ್ನೇ ನೋಡಿದರು. "ಕಾಯ್ಲೆಗ್ ಮಾತ್ರೆನೂ ನೀವೇ ಕೊಡ್ತೀರಿ, ಮಾತ್ರೆಗ್ ಸೂಜಿನೂ ನೀವೇ ಚುಚ್ತೀರಿ. ಆ ಸೂಜಿಗ್ ಇನ್ನೇನ್ ತತ್ತೀರಿ?" ಎಂದರು. ಆದರೆ ಹಾಗೆ ಅಂದು ತಿಪ್ಪೆಗೆ ಹೋಗಿ ಪೊಟ್ಟಣವನ್ನು ಹುಡುಕಿ ತಂದರು. ತಿಪ್ಪೆಗೆ ಬಿದ್ದದ್ದೆಂದು ಅದನ್ನು ಬಿಸಾಡಿ ಅದೇ ಮಾತ್ರೆಯನ್ನು ಹೊಸದಾಗಿ ತಂದುಕೊಟ್ಟೆವು, ಪ್ರಮಾಣ ಇಳಿಸಿದೆವು. ಅಂದಿನಿಂದ ಆ ಮನೆಯಲ್ಲಿ ನನಗೆ ಮಜ್ಜಿಗೆ ಸಿಗತೊಡಗಿತು.

ವಾರಗಳು ಕಳೆದವು. ಕೂಸು ಬದಲಾಗಿದೆ ಎನ್ನುವ ಮಾತು ನಿಂತಿತು. ಅವಳು ಸ್ನಾನ ಮಾಡಿ ತಲೆ ಬಾಚಿಕೊಳ್ಳುತ್ತಿದ್ದಳು, ಕಸ ಗುಡಿಸುತ್ತಿದ್ದಳು, ಕೇಳಿದ್ದಕ್ಕೆ ಒಂದೆರಡು ಮಾತಲ್ಲಿ ಉತ್ತರ ಕೊಡುತ್ತಿದ್ದಳು. ಮನೆಯವರು ವಾಸಿಯಾಯಿತೆಂದು ಕಾವಲು ಸಡಿಲಿಸಿದರು. ಬಾವಿಯ ಮೇಲಿನ ಮುಳ್ಳು ತೆಗೆದರು. ದಿನವೂ ಹೋಗುತ್ತಿದ್ದ ನಾನು ಎರಡು ದಿನಕ್ಕೊಮ್ಮೆ ಹೋಗತೊಡಗಿದೆ.

ಒಂದು ದಿನ ಅವಳ ತಾಯಿ ಸಂತೋಷದಿಂದ ನನ್ನನ್ನು ಎದುರುಗೊಂಡರು. "ಬಲೇ ಒಳ್ಳೆ ಗ್ಯಾನ ಬಂದದೆ ಕಣವ್ವ ನಮ್ಮುಡ್ಗಿಗೆ. ಧಾರೆ ಸೀರೆನ ತಂಗಿಗ್ ಕೊಟ್ಬುಟ್ಲು. ಓಲೆನೂವೆ. 'ನಂಗ್ಯಾಕವ್ವ, ಅವ್ಳು ಉಟ್ಕಳ್ಳಿ' ಅಂದ್ಲು. ಮೊದ್ಲು ಒಂದ್ ಬಳೆ ಮುಟ್ಟುಸ್ತಿರ್ನಿಲ್ಲ!"

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. ಒಳಗೆ ನೋಡಿದರೆ ಹುಡುಗಿ ಶಾಂತವಾಗಿ ಕೂತಿದ್ದಳು. ಅಷ್ಟು ದಿನ ಕಾಣದ ಶಾಂತಿ. ಹಣೆಯ ಗೆರೆ ಕೂಡ ಮಾಯವಾಗಿತ್ತು. ಮೂರು ತಿಂಗಳು ತುಂಬದ ಮಗುವಿನ ತಾಯಿ ಮಗುವಿನ ಹೆಸರೇ ಎತ್ತದೆ, ಧಾರೆ ಸೀರೆ ಕೊಟ್ಟು ನಿರಾಳವಾಗಿ ಕೂತಿದ್ದಾಳೆ ಎಂದರೆ ಏನರ್ಥ? ಅವಳ ತಾಯಿಗೆ, "ನಾನು ನಾಳೆ ಬರೋ ತನಕ ಅವಳ ಪಕ್ಕ ಬಿಟ್ಟು ಏಳಬೇಡಿ. ಬಾವಿ ಮತ್ತೆ ಮುಚ್ಚಿ," ಎಂದಷ್ಟೇ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಮುಳ್ಳಿನ ಹೊರೆಯನ್ನು ನಾವಿಬ್ಬರೇ ಎಳೆದು ತಂದೆವು.

ಕೇಂದ್ರಕ್ಕೆ ಬಂದು ಡಾಕ್ಟರಿಗೆ ಹೇಳಿದೆ. "ಸಾಯುವ ಯೋಚನೆ ಇದೆಯಾ ಅಂತ ಅವಳನ್ನು ಕೇಳಿದಿರಾ?" ಎಂದರು.

"ಹೇಗೆ ಸಾರ್ ಕೇಳೋದು? ಇಲ್ಲದ ಯೋಚನೆ ನಾವೇ ತಲೆಗೆ ಹಾಕಿದ ಹಾಗಾಗಲ್ವಾ?"

ನಮಗೆ ತರಬೇತಿಯಲ್ಲಿ ರಕ್ತಸ್ರಾವದ ಬಗ್ಗೆ, ನಂಜಿನ ಬಗ್ಗೆ, ಧನುರ್ವಾಯುವಿನ ಬಗ್ಗೆ ಹೇಳಿಕೊಟ್ಟಿದ್ದರು. ಮನಸ್ಸಿನ ಬಗ್ಗೆ ಒಂದು ಪಾಠವೂ ಇರಲಿಲ್ಲ. ಅಂಥ ಮಾತು ಬಾಯಲ್ಲಿ ಬಂದರೆ ಅಪಶಕುನ ಎಂದು ನಮ್ಮ ಮನೆಯಲ್ಲೂ ಬಾಯಿ ಮುಚ್ಚಿಸುತ್ತಿದ್ದರು. ಡಾಕ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಬೆಂಗಳೂರಿನಲ್ಲಿ ಅವರ ಗುರುಗಳು ಪ್ರತಿ ರೋಗಿಯನ್ನೂ ಈ ಮಾತು ಕೇಳುತ್ತಿದ್ದರಂತೆ. "ಕೇಳಿದ್ದರಿಂದ ಯಾರೂ ಸತ್ತಿಲ್ಲ. ಯಾರೂ ಕೇಳದೆ ಒಳಗೇ ಕೊಳೆತು ಹೋದವರು ಬಹಳ ಜನ. ಆದರೆ ಕೇಳುವ ರೀತಿ ಇದೆ. 'ಅಂಥ ಯೋಚನೆ ಏನೂ ಇಲ್ಲ ತಾನೆ?' ಅಂತ ಕೇಳಬೇಡಿ. ಹಾಗೆ ಕೇಳಿದರೆ ಇಲ್ಲ ಅನ್ನೋದು ಬಿಟ್ಟು ಬೇರೆ ದಾರಿಯೇ ಇರಲ್ಲ. ನೇರವಾಗಿ ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಬುದ್ಧಿ ಹೇಳಬೇಡಿ, ಆಣೆ ಹಾಕಿಸಬೇಡಿ. ಅವಳು ಹೇಳಿದ್ದನ್ನು ಗುಟ್ಟಾಗಿ ಇಡ್ತೀನಿ ಅಂತ ಮಾತು ಕೊಡಬೇಡಿ."

"ನೀವೇ ಬಂದು ಕೇಳಿ ಸಾರ್."

"ಬರ್ತೀನಿ. ಆದರೆ ಅವಳು ನಿಮಗೆ ಹೇಳ್ತಾಳೆ, ನನಗಲ್ಲ."

ಬಸ್ಸಿನಲ್ಲಿ ಹೋಗುವಾಗ ಆ ಮಾತನ್ನು ಮನಸ್ಸಿನಲ್ಲೇ ಹತ್ತಾರು ರೀತಿ ಆಡಿ ನೋಡಿದೆ. ಪ್ರತಿ ಸಲವೂ ಮಧ್ಯದಲ್ಲಿ ನಿಂತುಹೋಗುತ್ತಿತ್ತು. ಕೇಳದೆ ಬಿಟ್ಟು, ನಾಳೆ ಏನಾದರೂ ಆದರೆ? ಕೇಳಿದ್ದರಿಂದಲೇ ಆಯಿತು ಎಂದು ಗೌಡರು ಹೇಳಿದರೆ? ಪೂರಿಗಾಲಿಯಲ್ಲಿ ಇಳಿಯುವ ಹೊತ್ತಿಗೆ ಕೇಳುವುದೆಂದು ಗಟ್ಟಿ ಮಾಡಿಕೊಂಡೆ.

ಅದು ಅವರೆಕಾಯಿಯ ಕಾಲ. ಡಾಕ್ಟರು ಜಗಲಿಯಲ್ಲಿ ಗೌಡರ ಜೊತೆ ಕೂತರು. ಹುಡುಗಿ ಒಳಗೆ ನೆನೆಹಾಕಿದ ಅವರೆಕಾಳನ್ನು ಹಿದುಕುತ್ತಿದ್ದಳು. ನಾನೂ ಪಾತ್ರೆಯ ಮುಂದೆ ಕೂತು ಕೈ ಹಚ್ಚಿದೆ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಅವಳ ತಾಯಿ ಒಲೆಯ ಹತ್ತಿರ ಇದ್ದರು.

"ಒಂದು ಮಾತು ಕೇಳ್ತೀನಿ ಕಣಮ್ಮ. ಸಾಯಬೇಕು ಅನ್ನಿಸ್ತಾ ಇದೆಯಾ ನಿನಗೆ?"

ಅವಳ ಬೆರಳುಗಳು ನಿಂತವು. ನಾನೂ ಬಾಯಿ ಬಿಡಲಿಲ್ಲ. ಹಾಗೆ ಸುಮ್ಮನಿರುವುದು ನನ್ನ ಕೆಲಸದ ಬದುಕಿನಲ್ಲಿ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ. ಒಲೆಯಲ್ಲಿ ಸೌದೆ ಚಟಗುಟ್ಟುವುದು ಕೇಳುತ್ತಿತ್ತು.

"ಅನ್ನುಸ್ತದೆ," ಎಂದಳು. ಆಮೇಲೆ ತಲೆ ಎತ್ತಿ, "ನೀವೊಬ್ರು ಕೇಳುದ್ರಿ," ಎಂದಳು.

ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ನಿಲ್ಲಲಿಲ್ಲ. ತಲೆ ಕೆಟ್ಟಿದ್ದಾಗ ಆಡಿದ್ದೆಲ್ಲ ಅವಳಿಗೆ ನೆನಪಿತ್ತು. "ನನ್ ಕೂಸ್ನ ನನ್ ಕೂಸಲ್ಲ ಅಂದ್ನಲ್ಲ, ಅಂಥೋಳು ತಾಯಾ? ಅತ್ತೆ ಎತ್ಕಂಡೋದಾಗ್ಲೇ ಗೊತ್ತಾಯ್ತು, ನಾನು ಮುಟ್ಟುದ್ರೆ ಕೂಸು ಉಳಿಯಕಿಲ್ಲ ಅಂತ. ನಮ್ಮೆಜಮಾನ್ರೂ ಆಮೇಲೆ ಬರ್ನಿಲ್ಲ ನೋಡಕ್ಕೆ. ನಾನಿಲ್ದಿದ್ರೆ ಇನ್ನೊಂದ್ ಮದ್ವೆ ಆಯ್ತರೆ, ಕೂಸ್ಗೂ ಒಬ್ಳು ಅವ್ವ ಸಿಕ್ತಳೆ. ತಂಗಿ ಮದ್ವೆಗೂ ಅಡ್ಡಿ ಇಲ್ಲ." ಯಾವಾಗ, ಹೇಗೆ ಎನ್ನುವುದನ್ನೂ ಅವಳು ಯೋಚಿಸಿಟ್ಟಿದ್ದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ದೂರದ ಮಾತಾಗಿರಲಿಲ್ಲ ಎಂದರೆ ಸಾಕು.

ನಾನು ಅವಳ ಕೈ ಹಿಡಿದುಕೊಂಡೆ. "ನೀನು ಹೇಳಿದ್ದು ಒಳ್ಳೇದಾಯ್ತು. ಇದೂ ಕಾಯಿಲೆಯ ಇನ್ನೊಂದು ಮುಖ, ಇದಕ್ಕೂ ಮದ್ದಿದೆ. ಆದರೆ ನಾನಿದನ್ನು ಬಚ್ಚಿಡಲ್ಲ. ನಿನ್ನ ಅವ್ವನಿಗೆ, ಡಾಕ್ಟರಿಗೆ ನಿನ್ನ ಎದುರಿಗೇ ಹೇಳ್ತೀನಿ."

"ಅಪ್ಪಂಗೆ?"

"ಅವರಿಗೂ."

ತಾಯಿ ಒಲೆಯ ಮುಂದೆ ಕೂತೇ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬಂದು ಮಗಳನ್ನು ಅವಚಿಕೊಂಡರು. ಗೌಡರಿಗೆ ಡಾಕ್ಟರು ಹೇಳಿದಾಗ ಅವರು ಮೊದಲು ನನ್ನ ಮೇಲೆ ಹರಿಹಾಯ್ದರು. "ಇಂಥ ಮಾತ ಎಣ್ಮಗಳ ಬಾಯಲ್ಲಿ ಆಡುಸ್ತೀರಾ?" ಎಂದು ಕೂಗಿದರು. ಆಗ ಮಗಳು ಬಾಗಿಲಿಗೆ ಬಂದು ನಿಂತು, "ಅವ್ರು ಆಡುಸ್ನಿಲ್ಲ ಕಣಪ್ಪ. ನಂಗೇ ಅನ್ನುಸ್ತಿತ್ತು," ಎಂದಳು. ಗೌಡರು ಜಗಲಿಯ ಕಂಬ ಹಿಡಿದು ಕೂತರು. ಆಮೇಲೆ ಎದ್ದು ಒಳಗೆ ಹೋಗಿ, ಅಟ್ಟದ ಮೇಲಿದ್ದ ಗದ್ದೆಗೆ ಹೊಡೆಯುವ ಔಷಧಿಯ ಡಬ್ಬಗಳನ್ನೆಲ್ಲ ಇಳಿಸಿ ಹೆಗಲ ಮೇಲೆ ಹೊತ್ತುಕೊಂಡು ಹೋದರು. ತೋಟದ ಪಂಪಿನ ಮನೆಯಲ್ಲಿಟ್ಟು ಬೀಗ ಹಾಕಿ ಬಂದರು. ಯಾರೂ ಹೇಳಿರಲಿಲ್ಲ.

ಆ ದಿನ ಮತ್ತೆ ಬೆಂಗಳೂರಿನ ಮಾತು ಬಂತು. ಈ ಸಲ ಗೌಡರು, "ನೀವ್ ಯೋಳ್ದಂಗೆ," ಎಂದರು. ಡಾಕ್ಟರು ಟ್ರಂಕ್ ಕಾಲ್ ಹಚ್ಚಿ ಗುರುಗಳನ್ನು ಹಿಡಿದು, ಎರಡು ದಿನದಲ್ಲಿ ತಾವೇ ಅವಳನ್ನೂ ತಾಯಿಯನ್ನೂ ಕರೆದುಕೊಂಡು ಹೋದರು. ಅಲ್ಲಿ ಪರೀಕ್ಷಿಸಿದವರು ಬೇರೆ ಮಾತ್ರೆ ಶುರು ಮಾಡಿದರು. ಇದು ಕೆಲಸ ಮಾಡಲು ಎರಡು ಮೂರು ವಾರ ಬೇಕು, ಅಲ್ಲಿಯವರೆಗೆ ಒಂಟಿಯಾಗಿ ಬಿಡಬಾರದು, ಸಾಧ್ಯವಾದರೆ ಮಗು ಅವಳ ಕಣ್ಣೆದುರಿಗೆ ಇರಬೇಕು ಎಂದರು. ಹಗಲೂ ರಾತ್ರಿ ಪಕ್ಕದಲ್ಲಿರುತ್ತೇನೆ ಎಂದು ತಾಯಿ ಒಪ್ಪಿಕೊಂಡ ಮೇಲೆ ಅವಳನ್ನು ಅಲ್ಲಿ ಉಳಿಸಿಕೊಳ್ಳದೆ ಊರಿಗೆ ಕಳಿಸಿದರು.

ಮಗುವನ್ನು ತರುವ ಕೆಲಸ ನನ್ನ ಪಾಲಿಗೆ ಬಂತು. ಮಳವಳ್ಳಿಯಿಂದ ಮದ್ದೂರಿಗೆ ಬಸ್ಸು, ಮದ್ದೂರಿನಿಂದ ಪ್ಯಾಸೆಂಜರ್ ರೈಲು. ಯಲಿಯೂರಿನಲ್ಲಿ ಇಳಿದವರು ಬೆರಳೆಣಿಕೆಯ ಜನ. ಲೈನ್‌ಮನ್ ಮನೆ ಎಂದರೆ ಎಲ್ಲರೂ ತೋರಿಸಿದರು. ಅತ್ತೆ ನಡುಮನೆಯಲ್ಲಿ ಕಾಲು ಚಾಚಿ ಕೂತು ಒಳಲೆಯಲ್ಲಿ ಕೂಸಿಗೆ ಹಾಲು ಕುಡಿಸುತ್ತಿದ್ದರು. ಮಗು ಕೈಕಾಲು ತುಂಬಿಕೊಂಡು ಚೆನ್ನಾಗಿತ್ತು. ಗಂಡನೂ ಮನೆಯಲ್ಲಿದ್ದ.

ನಾನು ಬಂದ ವಿಷಯ ಹೇಳಿದೆ. ಸೊಸೆ ಆಡಿದ ಮಾತುಗಳಲ್ಲಿ ಹೇಳಬಹುದೆಂದು ಅವಳು ಒಪ್ಪಿದ್ದಷ್ಟನ್ನು ಹೇಳಿದೆ. ಗಂಡನ ಮುಖ ಕೆಂಪಾಯಿತು. "ಇನ್ನೊಂದ್ ಮದ್ವೆ ಅಂತ ನಾನ್ ಯಾವಾಗ್ ಅಂದೆ? ನಮ್ಮಾವನೇ 'ಉಸಾರಾಗಗಂಟ ಬರ್ಬ್ಯಾಡಿ, ಊರೋರು ನೋಡ್ತರೆ' ಅಂದ್ರು. ಅದ್ಕೇ ಓಗ್ನಿಲ್ಲ."

ಅತ್ತೆ ಒಳಲೆಯನ್ನು ಕೆಳಗಿಟ್ಟರು. ಕೂಸಿನ ಬಾಯಿ ಒರೆಸಿದರು. "ನಂಗೊಬ್ಳು ತಂಗಿ ಇದ್ಲು ಕಣವ್ವ. ಎರ್ಗೆ ಆದ್ಮೇಲೆ ಇಂಗೇ ಗ್ವಾಡೆ ನೋಡ್ಕಂಡು ಕುಂತಿರೋಳು. ನಿದ್ದೆ ಇಲ್ಲ, ಮಾತಿಲ್ಲ. ನಾಲೆ ತಾವ್ಕೆ ಬಟ್ಟೆ ಒಗ್ಯಕ್ಕೆ ಓದೋಳು ಬರ್ನಿಲ್ಲ. ಕೂಸೂ ಅವ್ಳ ಜೊತೆಗೇ ಇತ್ತು. ಕಾಲ್ ಜಾರ್ತು ಅಂತ ಅಂದ್ಕಂಡೊ. ಊರೂ ಅಂಗೇ ಅಂದ್ಕತು. ನಂಗೆ ಮಾತ್ರ ಗೊತ್ತು." ಸೆರಗಿನಿಂದ ಮೂಗು ಒರೆಸಿಕೊಂಡರು. "ಈ ಉಡ್ಗಿ ಕಣ್ ನೋಡ್ದೆ. ಅದೇ ಕಣ್ಣು. ಇವ್ಳ ಉಳ್ಸಕ್ಕೆ ನನ್ ಕೈಲಾಗಕಿಲ್ಲ, ಕೂಸಾದ್ರೂ ಉಳ್ಕಳ್ಳಿ ಅಂತ ಎತ್ಕಂಡ್ ಬಂದೆ."

"ನಿಮ್ಮ ತಂಗಿಯನ್ನು ಯಾರೂ ಏನೂ ಕೇಳಲಿಲ್ವಾ ಅಮ್ಮ?"

"ಏನಂತ ಕೇಳಾದು? ಕೇಳ್ಬೇಕು ಅಂತ ಯಾರ್ಗ್ ಗೊತ್ತಿತ್ತು?"

ಅವರನ್ನು ಕಲ್ಲೆದೆಯವರು ಎಂದುಕೊಂಡಿದ್ದೆವು. ಅಷ್ಟು ವರ್ಷ ಒಬ್ಬರೇ ಹೊತ್ತಿದ್ದ ಭಾರಕ್ಕೆ ಅವರ ಎದೆ ಕಲ್ಲಾದಂತೆ ಕಂಡಿತ್ತು, ಅಷ್ಟೆ.

ಮಾರನೆಯ ದಿನವೇ ಅತ್ತೆ, ಮಗ, ಕೂಸು, ಒಂದು ಬಟ್ಟೆ ಗಂಟು, ಜೊತೆಗೆ ನಾನು, ಎಲ್ಲರೂ ರೈಲು ಹತ್ತಿದೆವು. ಗೌಡರು ಬೀಗಿತ್ತಿಯನ್ನು ನೋಡಿ ತಲೆ ತಗ್ಗಿಸಿ ನಿಂತರು. ಅತ್ತೆ ಜಗಲಿ ಹತ್ತುತ್ತಲೇ ಅಂದರು: "ಏನ್ ಬೀಗ್ರೇ, ಕಾಯ್ಲೆ ಬಚ್ಚಿಡಕ್ಕೆ ಅದೇನ್ ಕಳ್ ಮಾಲಾ? ನನ್ ಮಗನ್ನೂ ಬರ್ಬ್ಯಾಡ ಅಂದ್ರಂತೆ. ದಾರಿ ಬುಡಿ, ನಾನಿಲ್ಲೇ ಇರಕ್ಕೆ ಬಂದಿವ್ನಿ."

ಎಲ್ಲವೂ ಅಲ್ಲಿಗೇ ಸರಿಹೋಗಲಿಲ್ಲ. ಕೂಸನ್ನು ಕಂಡ ಕೂಡಲೇ ಹುಡುಗಿ ಮುಖ ಮುಚ್ಚಿಕೊಂಡು ಹಿತ್ತಿಲಿಗೆ ಓಡಿದಳು. "ನಾನ್ ಮುಟ್ಟಕಿಲ್ಲ, ನಾನ್ ಮುಟ್ಟಕಿಲ್ಲ," ಎಂದು ಗೋಡೆಗೆ ಅಂಟಿಕೊಂಡಳು. ನಾನು ಅವಳ ಹಿಂದೆಯೇ ಹೋದೆ, ಆದರೆ ಅತ್ತೆ ನನ್ನನ್ನು ದಾಟಿ ಮುಂದೆ ಹೋದರು. ಕೂಸನ್ನು ಅವಳಿಗೆ ಕೊಡಲು ಹೋಗಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕೂತು, "ಮುಟ್ಬ್ಯಾಡ ಕಣವ್ವ. ಇಲ್ಲೇ ಕುಂತಿರ್ತೀವಿ ನಾವೂವೆ. ನಿಂಗೆ ಯಾವತ್ ಮುಟ್ಬೇಕು ಅನ್ನುಸ್ತದೋ ಅವತ್ ಮುಟ್ಟೀಯೆ," ಎಂದರು.

ಅದನ್ನೇ ನಾವು ಕ್ರಮವಾಗಿ ಮಾಡಿಕೊಂಡೆವು. ಮೊದಲು ಕೂಸು ಅತ್ತೆಯ ತೊಡೆಯ ಮೇಲೆ, ತಾಯಿ ಪಕ್ಕದಲ್ಲಿ. ಆಮೇಲೆ ಅತ್ತೆ ಕೂಸಿಗೆ ನೀರು ಹಾಕುವಾಗ ತಾಯಿ ಬಿಸಿನೀರು ತೋಡಿಕೊಡುವುದು. ಆಮೇಲೆ ಎಣ್ಣೆ ಬಟ್ಟಲು ಹಿಡಿಯುವುದು. ಕೆಲವು ದಿನ ಎರಡು ಹೆಜ್ಜೆ ಮುಂದೆ, ಕೆಲವು ದಿನ ಹಿಂದಕ್ಕೆ. ನಾನು ಹೋದಾಗಲೆಲ್ಲ ಅದೇ ಮಾತನ್ನು ಕೇಳುತ್ತಿದ್ದೆ. ಒಮ್ಮೆ "ಅನ್ನುಸ್ತದೆ," ಒಮ್ಮೆ "ನಿನ್ನೆ ಒಸಿ ಅನ್ನುಸ್ತು, ಇವತ್ತಿಲ್ಲ." ಮಾತ್ರೆ ಕೆಲಸ ಮಾಡತೊಡಗಿದ್ದು ಅವಳ ಊಟದಲ್ಲಿ ಮೊದಲು ಗೊತ್ತಾಯಿತು, ಇನ್ನೊಂದು ಮುದ್ದೆ ಕೇಳಿದಳು.

ಒಂದು ಬೆಳಗ್ಗೆ ನಾನು ಹೋದಾಗ ಅತ್ತೆ ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. ಒಳಗಿಂದ ಕೂಸು ಕಿರುಚುವುದು ಕೇಳುತ್ತಿತ್ತು. ನಾನು ಗಾಬರಿಯಿಂದ ಒಳಗೆ ಹೋದೆ. ಹುಡುಗಿ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು ಬೆನ್ನಿಗೆ ನೀರು ಹಾಕುತ್ತಿದ್ದಳು. ಅವಳ ತಾಯಿ ಪಕ್ಕದಲ್ಲೇ ಚೊಂಬು ಹಿಡಿದು ನಿಂತಿದ್ದರು.

"ಕಣ್ಗೆ ಸೀಗೆಪುಡಿ ಬಿದ್ಬುಡ್ತು ಕಣವ್ವ," ಎಂದು ಹುಡುಗಿ ನನಗೆ ಹೇಳಿದಳು. ಅವಳ ಮುಖದಲ್ಲಿ ಇದ್ದದ್ದು ಸೀಗೆಪುಡಿಯ ಚಿಂತೆ ಮಾತ್ರ.

ಮಾತ್ರೆಯನ್ನು ಡಾಕ್ಟರ ಮಾತಿನಂತೆ ತಿಂಗಳುಗಟ್ಟಲೆ ಮುಂದುವರಿಸಿ, ನಿಧಾನವಾಗಿ ಇಳಿಸಿ ನಿಲ್ಲಿಸಿದೆವು. ಅವಳು ಗಂಡನ ಮನೆಗೆ ಹೋದಳು. ಧಾರೆ ಸೀರೆಯನ್ನು ತಂಗಿ ತಾನಾಗಿಯೇ ತಿರುಗಿ ಕೊಟ್ಟಳು, ಓಲೆ ಕೊಡಲಿಲ್ಲ. ತಂಗಿಯ ಮದುವೆ ನಿಲ್ಲಲಿಲ್ಲ.

ಮಳವಳ್ಳಿಯಲ್ಲಿ ನಮ್ಮ ನರ್ಸುಗಳೂ ಹಳ್ಳಿಯ ಸೂಲಗಿತ್ತಿಯರೂ ಸೇರುವ ತಿಂಗಳ ಸಭೆಯಲ್ಲಿ ಡಾಕ್ಟರೂ ನಾನೂ ಇದನ್ನು ಹೆಸರು ಹೇಳದೆ ವಿವರಿಸಿದೆವು. ಬಾಣಂತಿಯ ಜ್ವರ, ರಕ್ತ ನೋಡುವ ಹಾಗೆ ನಿದ್ದೆಯನ್ನೂ ಮನಸ್ಸನ್ನೂ ಕೇಳಬೇಕು ಎಂದೆವು. ಒಬ್ಬ ಹಿರಿಯ ಸೂಲಗಿತ್ತಿ, "ಸುಭದ ಮನೇಲಿ ಸಾವಿನ್ ಮಾತಾ? ಪೊರಕೆ ತಕ್ಕಂಡ್ ಓಡುಸ್ತರೆ," ಎಂದರು. ಯಾರೂ ಓಡಿಸಲಿಲ್ಲ. ಬಂಡೂರಿನಲ್ಲಿ ಒಬ್ಬ ಬಾಣಂತಿಯನ್ನು ನಾನು ಕೇಳಿದಾಗ ಅವಳು ಕಣ್ಣರಳಿಸಿ, "ನಾನ್ಯಾಕವ್ವ ಸಾಯ್ಲಿ? ನಮ್ಮತ್ತೆನೇ ಇನ್ನೂ ಕಲ್ಲುಗುಂಡಂಗವ್ರೆ!" ಎಂದಳು. ಅತ್ತೆ ಸೇರಿ ಇಡೀ ಮನೆ ನಕ್ಕಿತು. ಇನ್ನೆರಡು ಮನೆಗಳಲ್ಲಿ ಯಾರೂ ನಗಲಿಲ್ಲ. ಆ ಇಬ್ಬರೂ ಸಕಾಲಕ್ಕೆ ಡಾಕ್ಟರ ಕೈಗೆ ಬಂದರು, ಉಳಿದರು.

ದಶಕ ಮುಗಿಯುವ ಹೊತ್ತಿಗೆ ಅವಳು ಎರಡನೆಯ ಹೆರಿಗೆಗೆ ತವರಿಗೆ ಬಂದಳು, ಅತ್ತೆಯೂ ಜೊತೆಗೇ ಬಂದರು. ಒಮ್ಮೆ ಬಂದವರಿಗೆ ಈ ಕಾಯಿಲೆ ಮತ್ತೆ ಬರಬಹುದೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಹೆರಿಗೆ ಸುಸೂತ್ರವಾಯಿತು, ಗಂಡು ಮಗು. ನಾನು ನೋಡಲು ಹೋದೆ. ಚೀಲ ಕೆಳಗಿಡುವ ಮೊದಲೇ ಅವಳು ಹೇಳಿದಳು:

"ನೀವ್ ಕೇಳಾದ್ ಬ್ಯಾಡ ಕುಂತ್ಕಳಿ, ನಾನೇ ಯೋಳ್ತೀನಿ. ನಿನ್ನೆಯಿಂದ ನಿದ್ದೆ ಬತ್ತಿಲ್ಲ. ಸಾಯೋ ಯೋಚ್ನೆ ಇಲ್ಲ. ಆದ್ರೆ ನಿದ್ದೆ ಬತ್ತಿಲ್ಲ. ಡಾಕ್ಟ್ರುಗ್ ಯೋಳಿ."

ಅಂದೇ ಮಾತ್ರೆ ಶುರುವಾಯಿತು. ಆ ವಾರದ ಕೊನೆಗೆ ನಾನು ಮತ್ತೆ ಹೋದಾಗ ಅತ್ತೆ ಬಾಗಿಲಲ್ಲೇ ಅಡ್ಡ ನಿಂತು ಬಾಯಿಗೆ ಬೆರಳಿಟ್ಟರು. "ಮೆಲ್ಲುಗ್ ಬನ್ನಿ ಕಣವ್ವ. ಮಲ್ಗವ್ಳೆ."

ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಕೂಸು ಅವಳ ತೋಳಿನ ಮೇಲೆ ಎಚ್ಚರವಾಗಿ ಕೈಕಾಲು ಆಡಿಸುತ್ತಿತ್ತು. ಅವಳು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ನಾನು ಅತ್ತೆಯ ಪಕ್ಕ ಜಗಲಿಯಲ್ಲಿ ಕೂತೆ. ಅವಳು ಏಳುವ ತನಕ ನಾವಿಬ್ಬರೂ ಸಣ್ಣ ದನಿಯಲ್ಲಿ ಬೇರೇನೋ ಮಾತಾಡಿಕೊಂಡಿದ್ದೆವು.